ಯಂತ್ರ ಬದಲಾದಾಗ ರಂಗವಲ್ಲಿ ಎಲ್ಲಿ ಹೋಯಿತು?

(ಗುರುಗ್ರಾಮದಲ್ಲಿ ಸಂಘದ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿದವರು ನಿದ್ದೆಯನ್ನು ಬಿಟ್ಟು ಇಲ್ಲಿ ಬಂದು ಕುಳಿತಿದ್ದೀರಿ. ಹೋಟೆಲಿನವರು ಹನ್ನೆರಡು ಗಂಟೆಯ ಊಟದ ಗಲಾಟೆಗೆ ಮುಂಚೆ ಹಿಂದಿರುಗಬೇಕು. ಆದ್ದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ. ಇಂದು ನಾವು ಹೇಳಹೊರಟಿರುವುದು ಒಂದು ತಪ್ಪಿನ ಸಂಗತಿ. ತಪ್ಪು ಮಾಡಿದವರು ಬೇರೆ ಯಾರೂ ಅಲ್ಲ, ನಾವೇ. ವಾಚನಾಲಯದ ಗಣಕಯಂತ್ರದಲ್ಲಿದ್ದ ಹಳೆಯ ವ್ಯವಸ್ಥೆಯನ್ನು ಅಳಿಸಿ ಲಿನಕ್ಸನ್ನು ಹಾಕಿದ ದಿವಸ ನಮ್ಮವರೇ ಆದ ಒಬ್ಬ ಹುಡುಗಿಯ ಮೂರು ವರ್ಷದ ಕೆಲಸ ಕಣ್ಮರೆಯಾಯಿತು. ಅದರಲ್ಲಿ ಎಷ್ಟು ಮರಳಿ ಬಂತು, ಹೇಗೆ ಬಂತು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಯಂತ್ರವನ್ನು ಏಕೆ ಬದಲಾಯಿಸಿದಿರಿ ಎಂದು ಕೆಲವರು ಕೇಳಿದ್ದಾರೆ. ದೆಹಲಿಯ ನೆಹರು ಪ್ಲೇಸಿನಿಂದ ಎರಡನೆಯ ಕೈಯ ಮಾಲಾಗಿ ಬಂದ ಗಣಕ ಅದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಭದ್ರತಾ ಚಿಪ್ಪೂ ಹೊಸ ಕಾಲದ ಪ್ರೊಸೆಸರೂ ನಮ್ಮ ಯಂತ್ರದಲ್ಲಿಲ್ಲ. ಹೊಸ ಗಣಕ ಕೊಳ್ಳುವಷ್ಟು ಹಣ ಸಂಘದ ಗಲ್ಲಾದಲ್ಲಿಲ್ಲ. ಸೈಬರ್ ಸಿಟಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಶಿವಮೊಗ್ಗ ಕಡೆಯ ತರುಣನೊಬ್ಬ, "ಲಿನಕ್ಸ್ ಹಾಕೋಣ ಸಾರ್, ಕಾಸು ಕೊಡಬೇಕಾಗಿಲ್ಲ, ಹಳೆಯ ಯಂತ್ರಕ್ಕೂ ಹಗುರ" ಎಂದ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಆ ಕೆಲಸ ಇಂದು ಜಗತ್ತಿನ ಎಷ್ಟೋ ದೊಡ್ಡ ಯಂತ್ರಗಳನ್ನು ನಡೆಸುತ್ತಿದೆ. ತಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಅದೇ. ಸಮಿತಿ ಒಪ್ಪಿತು. ಲಿನಕ್ಸ್ ಮಿಂಟ್ ಎಂಬುದನ್ನು ಹಾಕಿದೆವು. ನಿರ್ಧಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನಮ್ಮ ಆತುರದಲ್ಲಿ. ಅಳಿಸುವ ಮುಂಚೆ ಎಲ್ಲರ ಫೋಟೋ, ಅರ್ಜಿ, ಲೆಕ್ಕಪತ್ರಗಳನ್ನು ನಕಲು ಮಾಡಿಟ್ಟೆವು. ಅದಲ್ಲದೆ ಇನ್ನೇನಿದೆ ಎಂದು ಒಬ್ಬರನ್ನೂ ಕೇಳಲಿಲ್ಲ.

ಮಾರನೆಯ ಸಂಜೆ ನಮ್ಮ ದೋಸೆ ಭಟ್ಟರ ಮಗಳು ಬಂದಳು. ಕಾಲೇಜಿನ ಹುಡುಗಿ. ಯಂತ್ರದ ಮುಂದೆ ಕುಳಿತಳು, ಹುಡುಕಿದಳು, ಎದ್ದು ನಮ್ಮ ಬಳಿಗೆ ಬಂದು, "ಮಾವ, ನನ್ನ ಚಿತ್ರದ ಫೈಲುಗಳು ಎಲ್ಲಿ?" ಎಂದಳು. "ಚಿತ್ರಗಳೆಲ್ಲ ಇವೆಯಲ್ಲಮ್ಮ, ನಾವೇ ಎಣಿಸಿ ಇಟ್ಟಿದ್ದೇವೆ" ಎಂದೆವು. "ಚಿತ್ರ ಅಲ್ಲ ಮಾವ. ಚಿತ್ರ ಮಾಡುವ ಫೈಲು" ಎಂದಳು. ನಮಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಆಕೆ ಮಾಡುತ್ತಿದ್ದದ್ದು ಏನೆಂದು ಹೇಳಬೇಕು. ಜರಿಗಿಡವನ್ನು ಘಟ್ಟದ ಮೇಲಿನವರೂ ಕೆಳಗಿನವರೂ ಬಲ್ಲಿರಿ. ಅದರ ಒಂದು ಎಲೆಯನ್ನು ಹಿಡಿದು ನೋಡಿದರೆ ಅದರೊಳಗೆ ಅದೇ ಆಕಾರದ ಸಣ್ಣ ಎಲೆಗಳು, ಆ ಸಣ್ಣ ಎಲೆಯೊಳಗೆ ಅದೇ ಆಕಾರದ ಇನ್ನೂ ಸಣ್ಣವು. ಸಮುದ್ರದ ದಡವೂ ಹಾಗೆಯೇ. ದೂರದಿಂದ ನೋಡಿದರೆ ಕೊಲ್ಲಿ, ಭೂಶಿರ. ಹತ್ತಿರ ಹೋದರೆ ಅದರೊಳಗೆ ಸಣ್ಣ ಕೊಲ್ಲಿ, ಸಣ್ಣ ಭೂಶಿರ. ಆದ್ದರಿಂದಲೇ ದಡದ ಉದ್ದ ಅಳೆಯುವ ಕೋಲಿನ ಮೇಲೆ ನಿಂತಿದೆ: ಕೋಲು ಸಣ್ಣದಾದಷ್ಟೂ ದಡ ಉದ್ದವಾಗುತ್ತದೆ. ನಮ್ಮ ದೇಶದ ಕರಾವಳಿ 7,516 ಕಿಲೋಮೀಟರ್ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಈಚೆಗೆ ಇನ್ನೂ ಸೂಕ್ಷ್ಮವಾದ ನಕ್ಷೆಯಿಂದ ಅಳೆದು ಸರ್ಕಾರ 11,098 ಕಿಲೋಮೀಟರ್ ಎಂದು ಹೇಳಿದೆ. ಸಮುದ್ರ ಬೆಳೆಯಲಿಲ್ಲ, ದಡ ಜಗ್ಗಲಿಲ್ಲ, ಕೋಲು ಸಣ್ಣದಾಯಿತು ಅಷ್ಟೆ. ಬೆನುವಾ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞರು 1967ರಲ್ಲಿ ಬ್ರಿಟನ್ನಿನ ದಡವನ್ನು ಕುರಿತು ಇದೇ ಪ್ರಶ್ನೆಯನ್ನು ಎತ್ತಿದ್ದರು. 1975ರಲ್ಲಿ ಇಂಥ ಆಕೃತಿಗಳಿಗೆ ಫ್ರ್ಯಾಕ್ಟಲ್ ಎಂದು ಹೆಸರಿಟ್ಟವರೂ ಅವರೇ.

ಇವನ್ನು ಗಣಕ ಹೇಗೆ ಬರೆಯುತ್ತದೆ? ತಾವು ಮನೆಯಲ್ಲೇ ಮಾಡಿ ನೋಡಬಹುದು. ಕಾಗದದ ಮೇಲೆ ತ್ರಿಕೋನವಾಗಿ ಮೂರು ಚುಕ್ಕಿ ಇಡಿ. ಎಲ್ಲಿಯಾದರೂ ಒಂದು ನಾಲ್ಕನೆಯ ಚುಕ್ಕಿ ಹಾಕಿ. ದಾಳ ಎಸೆಯಿರಿ, ಒಂದು ಅಥವಾ ಎರಡು ಬಿದ್ದರೆ ಮೊದಲನೆಯ ಚುಕ್ಕಿಯ ಕಡೆಗೆ ಅರ್ಧ ದಾರಿ ನಡೆದು ಗುರುತು ಹಾಕಿ, ಮೂರು ನಾಲ್ಕು ಬಿದ್ದರೆ ಎರಡನೆಯದರ ಕಡೆಗೆ, ಐದು ಆರಾದರೆ ಮೂರನೆಯದರ ಕಡೆಗೆ. ಅಲ್ಲಿಂದ ಮತ್ತೆ ದಾಳ, ಮತ್ತೆ ಅರ್ಧ ದಾರಿ. ನೂರು ಸಲಕ್ಕೆ ಏನೂ ಕಾಣದು. ಸಾವಿರಾರು ಸಲವಾದಾಗ ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ತ್ರಿಕೋನ ತಾನಾಗಿ ಮೂಡುತ್ತದೆ. ದಾಳ ಕುರುಡು, ಚಿತ್ರ ಕುರುಡಲ್ಲ. ನಮ್ಮ ಹುಡುಗಿ ಬಳಸುತ್ತಿದ್ದ ಅಪೊಫಿಸಿಸ್ ಎಂಬ ತಂತ್ರಾಂಶ ಮಾಡುವುದೂ ಇದನ್ನೇ, ಇನ್ನೂ ಬೆಡಗಾಗಿ. 1992ರಲ್ಲಿ ಸ್ಕಾಟ್ ಡ್ರೇವ್ಸ್ ಎಂಬವರು ಕಂಡುಹಿಡಿದ ವಿಧಾನ ಅದು. ಚುಕ್ಕಿಯನ್ನು ನಡೆಸುವುದರ ಜತೆಗೆ ತಿರುಗಿಸುವ, ಬಾಗಿಸುವ, ಸುರುಳಿ ಸುತ್ತಿಸುವ ನಿಯಮಗಳು ಅಲ್ಲಿ ಉಂಟು. ಕೋಟಿಗಟ್ಟಲೆ ಸಲ ಚುಕ್ಕಿ ಓಡುತ್ತದೆ. ಯಾವ ಮನೆಗೆ ಎಷ್ಟು ಸಲ ಬಂತೆಂದು ಯಂತ್ರ ಎಣಿಸಿ ಅದನ್ನು ಬೆಳಕು, ಬಣ್ಣವಾಗಿ ಮಾಡುತ್ತದೆ. ಅದರ ಕಡತಕ್ಕೆ ಫ್ಲೇಮ್ ಎಂದೇ ಹೆಸರು.

ಚಿತ್ರ ಬೇರೆ, ಫ್ಲೇಮ್ ಕಡತ ಬೇರೆ ಎಂಬುದನ್ನು ನಾವು ಅಂದು ಕಲಿತೆವು. ದಾವಣಗೆರೆಯ ಕಡೆ ಮಗ್ಗ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚಿನ ನಮೂನೆ ಇರುವುದು ತೂತು ಹೊಡೆದ ಕಾರ್ಡುಗಳಲ್ಲಿ. ಸೀರೆ ಮಾರಿ ಹೋದರೂ ಕಾರ್ಡಿದ್ದರೆ ಇನ್ನೊಂದು ಸೀರೆ ನೇಯಬಹುದು. ಕಾರ್ಡು ಹೋಗಿ ಸೀರೆ ಉಳಿದರೆ? ಕಣ್ಣೆದುರಿಗೆ ನಮೂನೆ ಇದ್ದೂ ಮಗ್ಗಕ್ಕೆ ಹೇಳಿಕೊಡಲಾರಿರಿ. ನಾವು ಸೀರೆಗಳನ್ನು ಜೋಪಾನವಾಗಿ ಮಡಿಸಿಟ್ಟು ಕಾರ್ಡುಗಳನ್ನು ಒಲೆಗೆ ಹಾಕಿದ್ದೆವು.

ಇದರಿಂದ ಆಗುವ ನಷ್ಟವೇನು ಎಂದರೆ, ಉದ್ಯೋಗ ವಿಹಾರದ ಒಂದು ಸಿದ್ಧ ಉಡುಪಿನ ಕಾರ್ಖಾನೆಗೆ ಆಕೆ ಹನ್ನೆರಡು ನಮೂನೆ ಒಪ್ಪಿಸಬೇಕಿತ್ತು. ದುಪಟ್ಟಾದ ಮೇಲೆ ಅಚ್ಚು ಹಾಕುವುದಕ್ಕೆ. ತೋರಿಸಲು ಕಳಿಸಿದ್ದ ಸಣ್ಣ ಚಿತ್ರಗಳನ್ನು ಅವರು ಮೆಚ್ಚಿ ಮುಂಗಡ ಕೊಟ್ಟಿದ್ದರು. ಮುಂಗಡ ಕಾಲೇಜಿನ ಶುಲ್ಕಕ್ಕೆ ಸಂದಾಯವಾಗಿಬಿಟ್ಟಿತ್ತು. ಬಟ್ಟೆಗೆ ಅಚ್ಚು ಬೀಳಬೇಕಾದರೆ ಇಂಚಿಗೆ 150 ಚುಕ್ಕಿ ಬೇಕು. 24 ಇಂಚಿನ ಅಗಲಕ್ಕೆ 3,600. ನಾವು ಉಳಿಸಿದ್ದ ಚಿತ್ರಗಳ ಅಗಲ 800. ಅದನ್ನು ಹಿಗ್ಗಿಸಿದರೆ ತೆಳ್ಳಗೆ ಎಳೆದ ದೋಸೆಯ ಹಾಗೆ ನಡುವೆ ತೂತು, ಅಂಚು ಮಸುಕು. ಕಡತವಿದ್ದರೆ ಎಷ್ಟು ಅಗಲ ಬೇಕಾದರೂ ಹೊಸದಾಗಿ ಬರೆಸಬಹುದು. ಗಡುವಿಗೆ ಉಳಿದದ್ದು ಎಂಟು ದಿನ.

ಅಳಿಸಿದ್ದನ್ನು ಹುಡುಕುವ ತಂತ್ರಾಂಶವನ್ನು ಶಿವಮೊಗ್ಗದ ತರುಣ ಒಂದು ಇಡೀ ರಾತ್ರಿ ಓಡಿಸಿದ. ಯಾರದೋ ಮದುವೆಯ ಫೋಟೋಗಳ ತುಂಡುಗಳು ಬಂದವು, ಫ್ಲೇಮ್ ಬರಲಿಲ್ಲ. ಬೆಳಗ್ಗೆ ಹುಡುಗಿಯೇ ತನ್ನ ಪುಸ್ತಕದ ಚೀಲದಿಂದ ಒಂದು ಹಳೆಯ ಪೆನ್ ಡ್ರೈವ್ ತೆಗೆದಳು. ಅದರಲ್ಲಿ ಒಂಬತ್ತು ಇದ್ದವು! ಇನ್ನೆರಡನ್ನು ಮಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ಮಿಂಚಂಚೆಯಲ್ಲಿ ಕಳಿಸಿದ್ದಳು. ಫ್ಲೇಮ್ ಎಂಬುದು ಬರಿಯ ಅಕ್ಷರ, ಅಂಕೆ. ಕಾಗದ ಬರೆದ ಹಾಗೆ ಪತ್ರದೊಳಗೆ ಅಂಟಿಸಿದ್ದಳು. ಅದನ್ನು ಹಾಗೆಯೇ ಕತ್ತರಿಸಿ ಹೊಸ ಕಡತವಾಗಿ ಉಳಿಸಿದ ಕೂಡಲೆ ಅದು ಮತ್ತೆ ಫ್ಲೇಮ್ ಆಯಿತು. ಹನ್ನೊಂದಾಯಿತು. ಹನ್ನೆರಡನೆಯದು ಎಲ್ಲಿಯೂ ಇರಲಿಲ್ಲ.

ಇಷ್ಟಾದ ಮೇಲೆ ಕೆಲಸ ಮುಗಿಯಿತೆಂದು ನಾವು ತಿಳಿದೆವು. ಆರಂಭವಾದದ್ದು ಆಗ. ಅಪೊಫಿಸಿಸ್ ವಿಂಡೋಸಿಗಾಗಿ ಬರೆದ ತಂತ್ರಾಂಶ. ಅದರ ಮೇಲೆ ಎರಡು ಸಲ ಒತ್ತಿದರೆ ಲಿನಕ್ಸ್ ಸುಮ್ಮನೆ ನೋಡುತ್ತ ಕುಳಿತಿತು. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸಿಕೊಡುವ ಒಂದು ಮಧ್ಯವರ್ತಿ ಉಂಟು. ಅದರ ಹೆಸರು ವೈನ್. (ನಗಬೇಡಿ. ಮಡಿಯ ಭಟ್ಟರು ಈ ಹೆಸರು ಕೇಳಿ, "ಎಂತ ಮಾರಾಯ್ರೆ, ವಾಚನಾಲಯದಲ್ಲಿ ಅದೂ ಶುರುವಾಯಿತಾ?" ಎಂದು ಕೇಳಿದ್ದು ನಿಜ.) 1993ರಿಂದ ನಡೆದು ಬಂದ ಕೆಲಸ ಅದು, ಬಿಟ್ಟಿ. ವೈನ್ ಹಾಕಿದೆವು. ಆದರೂ ತೆರೆಯಲಿಲ್ಲ. ನಾವು ಮತ್ತೆ ಮತ್ತೆ ಒತ್ತುತ್ತಿದ್ದೆವು, ಲಿಫ್ಟು ಬರಲಿಲ್ಲವೆಂದು ಗುಂಡಿ ಒತ್ತುವವರ ಹಾಗೆ. ತರುಣ ನಮ್ಮನ್ನು ಸರಿಸಿ, ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು ಅಲ್ಲಿಂದ ತಂತ್ರಾಂಶದ ಹೆಸರನ್ನು ಬರೆದು ಓಡಿಸಿದ. ಕೂಡಲೆ ಕಾರಣ ಅಕ್ಷರದಲ್ಲಿ ಬಂತು. ಅಪೊಫಿಸಿಸ್ 32 ಬಿಟ್ಟಿನ ಹಳೆಯ ತಂತ್ರಾಂಶ. ನಾವು ಹಾಕಿದ್ದು ವೈನಿನ 64 ಬಿಟ್ಟಿನ ಭಾಗವನ್ನು ಮಾತ್ರ. 32ರ ಭಾಗವನ್ನೂ ತಂದು ಹಾಕಿದ ಮೇಲೆ ಕಿಟಕಿ ತೆರೆಯಿತು. ಒಂದು ದಿನ ಹೋಗಿತ್ತು. ಕಪ್ಪು ಕಿಟಕಿಯನ್ನು ಮೊದಲೇ ತೆರೆದಿದ್ದರೆ ಹತ್ತು ನಿಮಿಷದ ಕೆಲಸ. ಚಿತ್ರದ ಗುಂಡಿ ಒತ್ತಿದಾಗ ಯಂತ್ರ ತನ್ನ ದೂರನ್ನು ನುಂಗಿಕೊಳ್ಳುತ್ತದೆ, ಟರ್ಮಿನಲ್ಲಿನಲ್ಲಿ ಬಾಯಿ ಬಿಡುತ್ತದೆ.

ತೆರೆದ ಮೇಲೆ ಬಂದದ್ದು ಇನ್ನೂ ವಿಚಿತ್ರ. ಹನ್ನೊಂದರಲ್ಲಿ ನಾಲ್ಕು ಸರಿಯಾಗಿ ಕಂಡವು. ಉಳಿದ ಏಳರಲ್ಲಿ ಒಂದು ಪೂರಾ ಕಪ್ಪು, ಇನ್ನೊಂದರಲ್ಲಿ ನವಿಲುಗರಿ ಇರಬೇಕಾದಲ್ಲಿ ನಾಲ್ಕು ಗೀಟು. ಹುಡುಗಿ ಅತ್ತೇಬಿಟ್ಟಳು, ಕಡತ ಹಾಳಾಯಿತೆಂದು ತಿಳಿದಳು. ನಮಗೂ ಹಾಗೆಯೇ ಅನಿಸಿತು. ಕಡತ ಹಾಳಾಗಿರಲಿಲ್ಲ. ಹೋಟೆಲಿನವರಿಗೆ ಹೇಳುತ್ತೇವೆ: ಸಾಂಬಾರಿನ ಚೀಟಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಎಂದು ಬರೆದಿದೆ. ಉಗ್ರಾಣದಲ್ಲಿ ಅದಿಲ್ಲ. ಹೊಸ ಅಡಿಗೆಯವನು ಯಾರಿಗೂ ಹೇಳದೆ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಕಿ ಕುದಿಸಿ ಬಡಿಸಿದ. ಚೀಟಿ ತಪ್ಪೆ? ಹುಡುಗಿ ಆ ಏಳು ನಮೂನೆಗಳಲ್ಲಿ, ಬೇರೆ ಬೇರೆಯವರು ಬರೆದು ಹಂಚಿದ ಹೆಚ್ಚಿನ ನಿಯಮಗಳನ್ನು ಬಳಸಿದ್ದಳು. ಅವಕ್ಕೆ ಪ್ಲಗಿನ್ ಎನ್ನುತ್ತಾರೆ. ಅವು ತಂತ್ರಾಂಶದ ಪಕ್ಕದಲ್ಲಿ ಒಂದು ಪ್ರತ್ಯೇಕ ಕಡತಕೋಶದಲ್ಲಿರುತ್ತವೆ. ಹಳೆಯ ಯಂತ್ರದೊಂದಿಗೆ ಆ ಕೋಶವೂ ಹೋಗಿತ್ತು. ಹೊಸದಾಗಿ ಹಾಕಿದ ಅಪೊಫಿಸಿಸ್‌ಗೆ ಆ ನಿಯಮಗಳ ಹೆಸರೇ ಗೊತ್ತಿಲ್ಲ.

ಪರಿಹಾರ ಕಡತದಲ್ಲಿಯೇ ಇತ್ತು. ಫ್ಲೇಮ್ ಬರಿಯ ಅಕ್ಷರವೆಂದೆವಲ್ಲ? ಸಾಮಾನ್ಯ ಬರೆಯುವ ತಂತ್ರಾಂಶದಲ್ಲಿ ಅದನ್ನು ತೆರೆದರೆ ಯಾವ ನಿಯಮ, ಎಷ್ಟು ಪ್ರಮಾಣ ಎಂದು ಸಾಲುಸಾಲಾಗಿ ಬರೆದಿದೆ. ಕೊನೆಗೆ 256 ಬಣ್ಣಗಳ ಪಟ್ಟಿ. ಹುಡುಗಿ ಓದುತ್ತ ಹೋದಳು, ನಾವು ನೋಟುಪುಸ್ತಕದಲ್ಲಿ ಗುರುತು ಹಾಕುತ್ತ ಹೋದೆವು. ಹೋಟೆಲಿನ ಉಗ್ರಾಣದಲ್ಲಿ ಸಾಮಾನಿನ ಪಟ್ಟಿ ಮಾಡಿದ ಅನುಭವ ಕೆಲಸಕ್ಕೆ ಬಂತು. ಏಳು ನಮೂನೆಗೆ ಒಟ್ಟು ಐದು ಪ್ಲಗಿನ್ ಸಾಕಾದವು. ಅವನ್ನು ಹೆಸರು ಹಿಡಿದು ತಂದು ಕೋಶಕ್ಕೆ ಹಾಕಿ ತೆರೆದಾಗ ನವಿಲುಗರಿ ಬಂತು.

ಹುಡುಗಿಯ ಟಿಪ್ಪಣಿಗಳದ್ದು ಬೇರೆ ಗೋಳು. ಯಾವ ನಮೂನೆಗೆ ಯಾವ ಬಣ್ಣದ ಬಟ್ಟೆ ಎಂದು ಕನ್ನಡದಲ್ಲಿ ಬರೆದಿಟ್ಟಿದ್ದಳು, ನುಡಿಯ ಹಳೆಯ ಅಕ್ಷರಶೈಲಿಯಲ್ಲಿ. ಲಿನಕ್ಸಿನಲ್ಲಿ ತೆರೆದರೆ ಕೊಂಬು ಬಾಲ ಹಚ್ಚಿದ ರೋಮನ್ ಅಕ್ಷರಗಳ ಗೊಜ್ಜು. ಹಳೆಯ ಶೈಲಿಯಲ್ಲಿ ಕನ್ನಡವೆಂಬುದು ತೋರಿಕೆಗೆ ಮಾತ್ರ. ಒಳಗೆ ಇರುವುದು ಬೇರೆ ಅಕ್ಷರಗಳ ಸಂಖ್ಯೆ. ಪರಿವರ್ತಕದಿಂದ ಯುನಿಕೋಡಿಗೆ ಬದಲಾಯಿಸಿದ ಮೇಲೆ ಓದಲು ಬಂತು. ಈಗ ವಾಚನಾಲಯದ ಯಂತ್ರದಲ್ಲಿ ಕಗಪ ಕೀಲಿಮಣೆಯನ್ನೇ ಇಟ್ಟಿದ್ದೇವೆ. ಅದು ಲಿನಕ್ಸಿನೊಂದಿಗೇ ಬರುತ್ತದೆ. ಅದರ ಮೂಲ ವಿನ್ಯಾಸ ನಮ್ಮ ದಕ್ಷಿಣ ಕನ್ನಡದ ಕೆ. ಪಿ. ರಾಯರದು.

ಐದನೆಯ ದಿನ ದೊಡ್ಡ ಅಳತೆಯ ಚಿತ್ರಗಳನ್ನು ಬರೆಸಲು ಕುಳಿತೆವು. ಸ್ಮರಣೆ ಸಾಲದೆಂದು ತಂತ್ರಾಂಶ ನಿಂತುಹೋಯಿತು. ಇಲ್ಲಿ ತರುಣ ಮಾಡಿ ತೋರಿಸಿದ ಲೆಕ್ಕ ಸೊಗಸಾಗಿದೆ. ಅಂಚು ನುಣುಪಾಗಲೆಂದು ಹುಡುಗಿ ಪ್ರತಿ ಚುಕ್ಕಿಯನ್ನೂ ಅಡ್ಡ ಮೂರು, ಉದ್ದ ಮೂರು ಮನೆಗಳಾಗಿ ಒಡೆದಿದ್ದಳು. 3,600ಕ್ಕೆ ಮೂರರಷ್ಟು 10,800. ಉದ್ದಕ್ಕೂ ಅಷ್ಟೇ. ಒಟ್ಟು ಮನೆಗಳು 11 ಕೋಟಿ 66 ಲಕ್ಷ. ಮನೆಗೆ 16 ಬೈಟ್ ಎಂದು ಹಿಡಿದರೂ 186 ಕೋಟಿ ಬೈಟ್. 32 ಬಿಟ್ಟಿನ ತಂತ್ರಾಂಶಕ್ಕೆ ಸಾಮಾನ್ಯವಾಗಿ ಸಿಗುವುದೇ 214 ಕೋಟಿ. ಅದರಲ್ಲಿ ತನ್ನ ಸಂಸಾರವನ್ನೂ ಅದು ತೂಗಿಸಬೇಕು. ಮೂರರ ಬದಲು ಎರಡು ಎಂದು ಬದಲಾಯಿಸಿದರೆ ಮನೆಗಳು 5 ಕೋಟಿ 18 ಲಕ್ಷ, ಬೈಟುಗಳು 83 ಕೋಟಿ. ಒಂದು ಅಂಕೆ ತಿದ್ದಿದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಹೊರೆ ಇಳಿಯಿತು. ನುಣುಪಿನಲ್ಲಿ ಆದ ವ್ಯತ್ಯಾಸ ಬಟ್ಟೆಯ ಮೇಲೆ ನಮ್ಮ ಕಣ್ಣಿಗಂತೂ ಕಾಣಲಿಲ್ಲ.

ಪ್ಲಗಿನ್ ಬೇಡದ ನಾಲ್ಕು ನಮೂನೆಗಳಿಗೆ ವೈನಿನ ಹಂಗೂ ಬೇಡವಾಯಿತು. ಡ್ರೇವ್ಸರದೇ ಫ್ಲ್ಯಾಮ್3 ಎಂಬ ತಂತ್ರಾಂಶ ಲಿನಕ್ಸಿಗೆ ನೇರವಾಗಿ ಸಿಗುತ್ತದೆ, ಅದೇ ಫ್ಲೇಮನ್ನು ಓದುತ್ತದೆ. ರಾತ್ರಿಯೆಲ್ಲ ಒಂದಾದ ಮೇಲೊಂದು ಬರೆಯಲೆಂದು ತರುಣ ತನ್ನ ಕಚೇರಿಯ ವಿಂಡೋಸ್ ಯಂತ್ರದಲ್ಲಿ ಒಂದು ಆಜ್ಞೆಗಳ ಪಟ್ಟಿಯನ್ನು ಬರೆದು ಕಳಿಸಿದ. ನಾವು ಓಡಿಸಿದರೆ ಅನುಮತಿ ಇಲ್ಲ ಎಂದಿತು. ಲಿನಕ್ಸಿನಲ್ಲಿ ಕಡತವನ್ನು ಓಡಿಸಬಹುದೆಂದು ಒಡೆಯನು ಹೇಳಿರಬೇಕು, ಹೇಳಿದೆವು. ಕಡತ ಇಲ್ಲವೆಂದಿತು. ಕಣ್ಣಮುಂದೆ ಇದೆ! ನೋಡಿದರೆ ಪಟ್ಟಿಯಲ್ಲಿ ಗೋಪುರ ಎಂಬುದರ ಮೊದಲ ರೋಮನ್ ಅಕ್ಷರ ಸಣ್ಣದು, ಕಡತದಲ್ಲಿ ದೊಡ್ಡದು. ವಿಂಡೋಸಿಗೆ ಎರಡೂ ಒಂದೇ, ಲಿನಕ್ಸಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ತಿದ್ದಿದೆವು. ಆದರೂ ಇಲ್ಲವೆಂದಿತು. ರಾತ್ರಿ ಹನ್ನೊಂದು ಗಂಟೆ. ತರುಣ ಫೋನಿನಲ್ಲಿ ನಕ್ಕು ತಪ್ಪು ಒಪ್ಪಿಕೊಂಡ: ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಹೆಚ್ಚಿನ ಆ ಒಂದು ಗುರುತು ಕಣ್ಣಿಗೆ ಕಾಣದೆ ಕಡತದ ಹೆಸರಿನ ಬಾಲಕ್ಕೆ ಅಂಟಿಕೊಂಡಿತ್ತು. ಅದನ್ನು ಕಿತ್ತುಹಾಕುವುದಕ್ಕೇ ಒಂದು ಪುಟ್ಟ ಆಜ್ಞೆ ಉಂಟು. ಹಾಕಿದೆವು, ಓಡಿತು. ಒಂದೊಂದು ಚಿತ್ರಕ್ಕೆ ಎರಡು ಗಂಟೆಗೆ ಮೇಲ್ಪಟ್ಟು ಹಿಡಿಯಿತು. ಎರಡನೆಯ ರಾತ್ರಿ ವಿದ್ಯುತ್ತು ಹೋದಾಗ ಅರ್ಧವಾಗಿದ್ದ ಚಿತ್ರವನ್ನು ಮೊದಲಿನಿಂದ ಬರೆಸಬೇಕಾಯಿತು. ಭಟ್ಟರು ಬೆಳಗಿನ ನಾಲ್ಕಕ್ಕೆ ಕಾವಲಿ ಹೊತ್ತಿಸುವ ಮುಂಚೆ ಬಂದು ಯಂತ್ರ ನಡೆಯುತ್ತಿದೆಯೆ ಎಂದು ಇಣುಕಿ ಹೋಗುತ್ತಿದ್ದರು. ಅವರಿಗೆ ಇದೊಂದೂ ತಿಳಿಯದು. ನಮಗೆ ಒಂದು ಮಾತು ಬಯ್ಯಲೂ ಇಲ್ಲ.

ಎಂಟನೆಯ ದಿನ ಹನ್ನೊಂದು ನಮೂನೆಗಳನ್ನು ಒಪ್ಪಿಸಿದಳು. ಹನ್ನೆರಡನೆಯದಕ್ಕೆ ಕಾರ್ಖಾನೆಯವರು ಹಣ ಮುರಿದುಕೊಂಡರು. ಆ ಮೊಬಲಗನ್ನು ಸಂಘ ತುಂಬಿಕೊಡಬೇಕೆಂದು ನಾವು ಸಮಿತಿಯಲ್ಲಿ ಸೂಚಿಸಿದ್ದೇವೆ. ಹುಡುಗಿ ಬೇಡವೆನ್ನುತ್ತಿದ್ದಾಳೆ, ಸಮಿತಿ ಇನ್ನೂ ತೀರ್ಮಾನಿಸಿಲ್ಲ. ಇಂದಿನ ಕೂಟದಲ್ಲಿ ತಾವು ಕೈಯೆತ್ತಿ ಹೇಳಿದರೆ ಅನುಕೂಲವಾದೀತು.

ಹೋದ ಹನ್ನೆರಡನೆಯದು ಅವಳ ಅಜ್ಜಿ ಊರಿನಲ್ಲಿ ಅಂಗಳಕ್ಕೆ ಇಡುತ್ತಿದ್ದ ರಂಗವಲ್ಲಿಯ ನೆನಪಿನಿಂದ ಮಾಡಿದ್ದಂತೆ. ಅದರ 800 ಚುಕ್ಕಿಯ ಸಣ್ಣ ಚಿತ್ರ ನಮ್ಮಲ್ಲಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ವಾರಕ್ಕೆ ಎರಡು ಸಂಜೆ ಬಂದು ಅಂಕೆಗಳನ್ನು ತಿದ್ದುತ್ತಾಳೆ. ಹತ್ತಿರ ಬಂದಿದೆ ಎನ್ನುತ್ತಾಳೆ, ಅದೇ ಅಲ್ಲ ಎನ್ನುತ್ತಾಳೆ. ಆಕೆಯ ಕಡತಗಳ ಎರಡು ಪ್ರತಿ, ಪ್ಲಗಿನ್ನುಗಳ ಕೋಶದೊಂದಿಗೆ, ವಾಚನಾಲಯದ ಕಪಾಟಿನ ಮೇಲಿನ ಅರೆಯಲ್ಲಿವೆ. ಹಳೆಯ ಯಂತ್ರದಲ್ಲಿ ಕಡತವಿಟ್ಟು ನಾವು ಅಳಿಸಿಬಿಟ್ಟದ್ದು ಇನ್ನು ಯಾರದಾದರೂ ಇದ್ದರೆ ಇಂದೇ ಹೇಳಿ. ಆ ಹಳೆಯ ಡಿಸ್ಕನ್ನು ತರುಣ ಇನ್ನೂ ಬಿಸಾಡಿಲ್ಲ.